ನಮ್ಮ ಪೀಳಿಗೆಗೆ ರಿಪೇರಿ ಕೆಲಸ ಬರದಿರುವುದು ಸೋಮಾರಿತನದಿಂದಲಾ?

ನಿಮ್ಮ ತಂದೆ ಫ್ಯಾನು, ಸೈಕಲ್ಲು, ರೇಡಿಯೊ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿ ಸರಿ ಮಾಡುತ್ತಿದ್ದರು, ನೀವು ಮಿಕ್ಸಿ ನಿಂತರೂ ಅಂಗಡಿಗೆ ಓಡುತ್ತೀರಿ, ಇದು ನಮ್ಮ ಪೀಳಿಗೆಯ ಸೋಮಾರಿತನವಾ ಅಂತ ಕೇಳಿದ್ದೀರಿ. ಅಲ್ಲ ಅನ್ನುವುದು ನನ್ನ ಉತ್ತರ. ನಾನು ಚಿಂತಾಮಣಿಯವಳು. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟಾರ್‌ಗಳಿಗೆ ಹೊಸ ತಂತಿ ಸುತ್ತಿ ಕೊಡುವುದು. ಸ್ಕೂಲ್ ಬಿಟ್ಟ ಮೇಲೆ ಹೋಮ್‌ವರ್ಕ್ ಮಾಡಿದ್ದೆಲ್ಲ ಅಲ್ಲೇ, ವಾರ್ನಿಷ್ ವಾಸನೆಯಲ್ಲಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ವಾಷರ್ ವಿಷಯ. ನಮ್ಮಜ್ಜಿ ಸೀಮೆಎಣ್ಣೆ ಪಂಪ್ ಸ್ಟೌ ಉಪಯೋಗಿಸುತ್ತಿದ್ದರು. ಪಂಪ್ ಹೊಡೆದರೂ ಗಾಳಿ ನಿಲ್ಲದಿದ್ದರೆ ಕಡ್ಡಿಯನ್ನು ಹೊರಗೆಳೆದು, ತುದಿಯಲ್ಲಿರುವ ಚರ್ಮದ ವಾಷರ್‌ಗೆ ಎಣ್ಣೆ ಸವರಿ, ಬೆರಳಿನಿಂದ ಸ್ವಲ್ಪ ಅಗಲ ಮಾಡಿ ಮತ್ತೆ ಒಳಗೆ ಹಾಕುತ್ತಿದ್ದರು. ಚರ್ಮ ಒಣಗಿದರೆ ಕುಗ್ಗುತ್ತದೆ, ಪಕ್ಕದಿಂದ ಗಾಳಿ ಸೋರುತ್ತದೆ, ವಿಷಯ ಅಷ್ಟೇ. ಸೈಕಲ್ ಪಂಪಿನಲ್ಲೂ ಅದೇ ಥರದ ವಾಷರ್. ಊರಿನ ಬೋರ್ ಹ್ಯಾಂಡ್ ಪಂಪಿನ ಸಿಲಿಂಡರ್ ಒಳಗೂ ಅದೇ ಬಟ್ಟಲು ಆಕಾರದ ವಾಷರ್, ಅಲ್ಲಿ ಗಾಳಿ ಬದಲು ನೀರು. ಓದು ಬರಹ ಬಾರದ ಅಜ್ಜಿಗೆ ಸ್ಟೌ ಗೊತ್ತಿತ್ತು, ಹಾಗಾಗಿ ಹ್ಯಾಂಡ್ ಪಂಪ್ ಹತ್ತು ಸಲ ಒತ್ತಿದರೂ ನೀರು ಬರದಿದ್ದರೆ "ವಾಷರ್ ಸವೆದಿದೆ" ಅಂತ ಹೇಳುತ್ತಿದ್ದರು. ಒಂದು ವಸ್ತು ಇನ್ನೊಂದನ್ನು ಕಲಿಸುತ್ತಿತ್ತು. ಹಿಂದಿನವರ ಕೈಚಳಕ ಅಂತ ನಾವು ಕರೆಯುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಅಂತ ನನಗನ್ನಿಸುತ್ತದೆ.

ಈಗ ಮೊಬೈಲ್ ತೆಗೆದುಕೊಳ್ಳಿ. ಅಂಟು ಹಾಕಿ ಮುಚ್ಚಿರುತ್ತಾರೆ. ಕಷ್ಟಪಟ್ಟು ಬಿಸಿ ಮಾಡಿ ಬಿಚ್ಚಿದರೂ ಒಳಗೆ ಕಾಣಿಸುವುದು ಒಂದು ಬೋರ್ಡು, ಅದನ್ನು ಎಷ್ಟು ಹೊತ್ತು ನೋಡಿದರೂ ಫ್ಯಾನ್ ಬಗ್ಗೆ ಏನೂ ತಿಳಿಯುವುದಿಲ್ಲ. ಇದು ನಿಮ್ಮ ತಪ್ಪಲ್ಲ, ಹಾಗೆ ಮಾಡಿ ಮಾರುತ್ತಿದ್ದಾರೆ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ರೈಟ್ ಟು ರಿಪೇರ್ (ರಿಪೇರಿ ಮಾಡಿಕೊಳ್ಳುವ ಹಕ್ಕು) ಪೋರ್ಟಲ್ ತೆರೆದದ್ದು, ಯುರೋಪಿನಲ್ಲಿ 2027ರಿಂದ ಫೋನಿನಂಥ ವಸ್ತುಗಳ ಬ್ಯಾಟರಿಯನ್ನು ಕೊಂಡವರೇ ಬಿಚ್ಚಿ ಹಾಕುವ ಹಾಗಿರಬೇಕು ಅಂತ ನಿಯಮ ಬರುತ್ತಿರುವುದು, ಎಲ್ಲ ಇದೇ ಕಾರಣಕ್ಕೆ.

ಆದರೆ ಹಳಬರಿಗೆ ಎಲ್ಲವೂ ಗೊತ್ತಿತ್ತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಅಪ್ಪನ ಅಂಗಡಿಗೆ ಸುಟ್ಟು ಬರುತ್ತಿದ್ದ ಮೋಟಾರ್‌ಗಳಲ್ಲಿ ಎಷ್ಟೋ ಹಿರಿಯರ ಸ್ವಂತ ರಿಪೇರಿಯಿಂದಲೇ ಸುಟ್ಟಿದ್ದವು. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಂತಿ ಕಟ್ಟಿಬಿಡುವುದು. ಮೋಟಾರ್‌ಗೆ ಕರೆಂಟ್ ತರುವ ಮೂರು ಫೇಸಿನಲ್ಲಿ, ಅಂದರೆ ಮೂರು ಲೈನಿನಲ್ಲಿ, ಒಂದು ಇಲ್ಲದಿದ್ದರೂ ಕೆಪಾಸಿಟರ್ ಹಾಕಿ ಓಡಿಸುವುದು. ಬೆಳೆ ಒಣಗುತ್ತಿರುವಾಗ ರೈತ ಇನ್ನೇನು ಮಾಡಿಯಾನು, ಅದು ಅರ್ಥವಾಗುತ್ತದೆ, ಆದರೂ ಮೋಟಾರ್ ಸುಡುತ್ತದೆ. ಅಪ್ಪ ಸುಟ್ಟ ಕಾಯಿಲ್ ನೋಡಿಯೇ ಹೇಳುತ್ತಿದ್ದರು. ಒಂದೋ ಎರಡೋ ಫೇಸಿನ ಕಾಯಿಲ್ ಮಾತ್ರ ಕಪ್ಪಾಗಿ ಉಳಿದದ್ದು ಚೆನ್ನಾಗಿದ್ದರೆ ಫೇಸ್ ಕಟ್ ಆಗಿದ್ದಾಗ ಓಡಿಸಿದ್ದಾರೆ. ಎಲ್ಲ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿಯಾಗಿದೆ. ಹೊಸ ತಂತಿ ಸುತ್ತುವುದನ್ನು ಯಾರಾದರೂ ಕಲಿಯಬಹುದು. ಯಾಕೆ ಸುಟ್ಟಿತು ಅಂತ ಹುಡುಕದೆ ಸುತ್ತಿ ಕೊಟ್ಟರೆ ತಿಂಗಳಲ್ಲಿ ಅದೇ ಮೋಟಾರ್ ವಾಪಸ್ ಬರುತ್ತದೆ.

ಇದು ನನಗೆ ನಿಜವಾಗಿ ಮನಸ್ಸಿಗೆ ನಾಟಿದ್ದು ನಮ್ಮ ತೋಟದಲ್ಲೇ. ನಮ್ಮ ಕಡೆ ಬೋರ್‌ವೆಲ್ ಬಿಟ್ಟರೆ ಬೇರೆ ನೀರಿಲ್ಲ, ಸಾವಿರ ಅಡಿ ದಾಟಿದ ಬೋರ್‌ಗಳೇ ಬೇಕಾದಷ್ಟು. ಊರಿನ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಬೇರೆ ಟಿಸಿ ಕೂರಿಸಿದ ಮಾರನೆ ದಿನ ನಮ್ಮ ಬೋರ್‌ನಲ್ಲಿ ನೀರು ಬೆರಳು ಗಾತ್ರಕ್ಕೆ ಇಳಿಯಿತು. ಅಕ್ಕನ ಮಗ ಬುದ್ಧಿವಂತ ಹುಡುಗ, ಫೋನಿನಿಂದ ಮೋಟಾರ್ ಆನ್ ಮಾಡುವ ಮೊಬೈಲ್ ಸ್ಟಾರ್ಟರ್ ಅನ್ನು ತಾನೇ ಕೂರಿಸಿದವನು. ಅದರಿಂದ ಅಪ್ಪ ರಾತ್ರಿ ಮೂರು ಗಂಟೆಗೆ ಹಾವು ಹುಪ್ಪಟೆ ನಡುವೆ ತೋಟಕ್ಕೆ ಹೋಗುವುದು ತಪ್ಪಿತು, ಅದಕ್ಕೆ ನಾನು ಅವನಿಗೆ ಯಾವತ್ತೂ ಋಣಿ. ಆ ದಿನ ಅವನು ಬೋರ್ ಬತ್ತಿದೆ ಅಂದುಕೊಂಡು ಮೋಟಾರ್ ಎತ್ತುವವರಿಗೆ ಫೋನ್ ಮಾಡಲು ಹೊರಟಿದ್ದ. ಎತ್ತಿ ಇಳಿಸುವುದಕ್ಕೇ ಸಾವಿರಾರು ರೂಪಾಯಿ. ಅಪ್ಪ "ತಡಿಯಪ್ಪಾ, ನಿನ್ನೆವರೆಗೆ ಚೆನ್ನಾಗಿತ್ತು, ನಡುವೆ ಏನು ಬದಲಾಯ್ತು?" ಅಂತ ಕೇಳಿದರು. ಬದಲಾಗಿದ್ದು ಟಿಸಿ ಒಂದೇ. ಲೈನ್ ಜೋಡಿಸುವಾಗ ಎರಡು ಫೇಸ್ ಅದಲು ಬದಲಾದರೆ ಮೋಟಾರ್ ಉಲ್ಟಾ ತಿರುಗುತ್ತದೆ, ನಿಲ್ಲುವುದಿಲ್ಲ, ಆದರೆ ನೀರು ಎತ್ತುವ ಶಕ್ತಿ ಹೋಗುತ್ತದೆ. ಮೇನ್ ಆಫ್ ಮಾಡಿಸಿ, ಸ್ಟಾರ್ಟರ್‌ನಲ್ಲಿ ಎರಡು ವೈರ್ ಅದಲು ಬದಲು ಮಾಡುವ ಕೆಲಸವನ್ನು ಅವನ ಕೈಯಲ್ಲೇ ಮಾಡಿಸಿದರು. ನೀರು ಮೊದಲಿನ ಹಾಗೇ ಪೈಪ್ ತುಂಬ ಬಂತು. ಈಗ ಅವನು ಅಕ್ಕಪಕ್ಕದ ತೋಟಗಳಿಗೂ ಹೋಗಿ ನೋಡಿಕೊಡುತ್ತಾನೆ.

ಅವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ನಾವು ಮಕ್ಕಳಿಗೆ ಕೆಟ್ಟುಹೋದ ವಸ್ತುವನ್ನೂ ಮುಟ್ಟಲು ಬಿಡುವುದಿಲ್ಲ. ಹೆಣ್ಣುಮಕ್ಕಳಿಗಂತೂ ಮೊದಲಿನಿಂದಲೂ ಬಿಟ್ಟಿಲ್ಲ. ನನಗೆ ಅಪ್ಪ ಒಂದು ಸುಟ್ಟ ಟೇಬಲ್ ಫ್ಯಾನ್ ಕೊಟ್ಟು "ಇದು ಇನ್ನು ಕೆಡೋದಕ್ಕೆ ಏನೂ ಉಳಿದಿಲ್ಲ, ಬಿಚ್ಚು" ಅಂದಿದ್ದರು. ಒಂಬತ್ತು ವರ್ಷ ಇರಬೇಕು ನನಗೆ.

ನೀವು ಈಗಲೂ ಶುರು ಮಾಡಬಹುದು. ಮೊಬೈಲ್ ಬೇಡ, ಮೈಕ್ರೋವೇವ್ ಅಂತೂ ಬೇಡವೇ ಬೇಡ, ಪ್ಲಗ್ ತೆಗೆದ ಮೇಲೂ ಅದರೊಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಮಿಕ್ಸಿಯಿಂದ ಶುರು ಮಾಡಿ. ಹಿಟ್ಟು ಗಟ್ಟಿಯಾಗಿ ಮಿಕ್ಸಿ ತಟ್ಟಂತ ನಿಂತರೆ ಪ್ಲಗ್ ತೆಗೆದು ತಿರುಗಿಸಿ ನೋಡಿ, ಬಹಳಷ್ಟು ಮಿಕ್ಸಿಗಳ ತಳದಲ್ಲಿ ಒಂದು ಚಿಕ್ಕ ಓವರ್‌ಲೋಡ್ ಬಟನ್ ಇರುತ್ತದೆ. ತಣ್ಣಗಾದ ಮೇಲೆ ಅದನ್ನು ಒತ್ತಿದರೆ ಎಷ್ಟೋ ಸಲ ಓಡುತ್ತದೆ. ನಮ್ಮ ಅಂಗಡಿಗೆ ಇಷ್ಟಕ್ಕೇ ಬಸ್ಸಿನಲ್ಲಿ ಮಿಕ್ಸಿ ಹೊತ್ತು ಬಂದವರಿದ್ದಾರೆ, ಅಪ್ಪ ದುಡ್ಡು ತೆಗೆದುಕೊಳ್ಳದೆ ಬಟನ್ ತೋರಿಸಿ ಕಳಿಸುತ್ತಿದ್ದರು. ಒಳಗೆ ಕಿಡಿ ಜಾಸ್ತಿ ಕಾಣಿಸಿದರೆ ಕಾರ್ಬನ್ ಬ್ರಷ್ ಸವೆದಿರಬಹುದು. ಸೀಲಿಂಗ್ ಫ್ಯಾನ್ ನಿಧಾನವಾದರೆ ಮೊದಲು ನೋಡಬೇಕಾದ್ದು ಕೆಪಾಸಿಟರ್, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ದು, ಹಳೆಯದರ ಮೇಲೆ ಬರೆದಿರುವ ನಂಬರನ್ನೇ ಅಂಗಡಿಯಲ್ಲಿ ಕೇಳಿ. ಸ್ವಿಚ್ ಸಾಲದು, ಮೇನ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಮುಟ್ಟಿ. ಮೊದಲ ಸಲ ಗೊತ್ತಿರುವವರು ಒಬ್ಬರು ಪಕ್ಕದಲ್ಲಿರಲಿ.

ಇನ್ನೊಂದು, ಬಿಚ್ಚಿದ ಸ್ಕ್ರೂಗಳನ್ನು ಒಂದೇ ಡಬ್ಬಕ್ಕೆ ಹಾಕಬೇಡಿ. ಅಪ್ಪ ಹಳೆ ಪೇಪರ್ ಹಾಸಿ, ಬಿಚ್ಚಿದ ವರಸೆಯಲ್ಲೇ ಎಡದಿಂದ ಬಲಕ್ಕೆ ಜೋಡಿಸುತ್ತಿದ್ದರು. ಸೇರಿಸುವಾಗ ಬಲದಿಂದ ಎಡಕ್ಕೆ ಬರಬೇಕು. ಜೊತೆಗೆ ಒಂದು ಫೋಟೊನೂ ತೆಗೆದುಕೊಳ್ಳಿ, ಅಪ್ಪನ ಹತ್ತಿರ ಆ ಸೌಕರ್ಯ ಇರಲಿಲ್ಲ.