ಕೋರ್ ಖಾಲಿ ಇದ್ದರೂ ಟಾಸ್ಕ್ ಯಾಕೆ ಕಾಯುತ್ತದೆ? ಸ್ಪಾರ್ಕ್ ಶೆಡ್ಯೂಲರ್ ಕೋಡ್ ಓದುವ ಬಗೆ

ಪ್ರಶ್ನೆ: ಅಪಾಚೆ ಸ್ಪಾರ್ಕ್‌ನಲ್ಲಿ ಜಾಬ್ ಬರೆದು ಅಭ್ಯಾಸವಿದೆ (ದೊಡ್ಡ ಡೇಟಾದ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚಿ ಓಡಿಸುವ ಸಾಫ್ಟ್‌ವೇರ್ ಅದು). ಈಗ ಒಳಗಡೆ ಏನು ನಡೆಯುತ್ತದೆ ಅಂತ ನೋಡಲು ಟಾಸ್ಕ್ ಶೆಡ್ಯೂಲರ್‌ನ ಕೋಡ್ ತೆರೆದೆ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗುತ್ತಾ ದಾರಿ ತಪ್ಪುತ್ತಿದೆ. ಎಲ್ಲಿಂದ ಶುರು ಮಾಡಲಿ? ಇನ್ನೊಂದು ಅನುಮಾನವೂ ಇದೆ. ನಮ್ಮ ಕ್ಲಸ್ಟರ್‌ನಲ್ಲಿ ಟಾಸ್ಕ್ ಓಡಿಸುವ ಪ್ರೋಸೆಸ್‌ಗಳಾದ ಕೆಲವು ಎಕ್ಸಿಕ್ಯೂಟರ್‌ಗಳು ಸುಮ್ನೆ ಕೂತಿರುತ್ತವೆ. ಆದರೂ ಟಾಸ್ಕ್‌ಗಳು ಬೇರೊಂದು ಎಕ್ಸಿಕ್ಯೂಟರ್ ಖಾಲಿಯಾಗಲಿ ಅಂತ ಕಾಯುತ್ತವೆ. ಇದು ಬಗ್ ಇರಬಹುದಾ?

ಉತ್ತರ: ಬಗ್ ಅಲ್ಲ, ಬೇಕಂತಲೇ ಹಾಗೆ ಬರೆದಿದ್ದಾರೆ. ನಿಮ್ಮ ಎರಡೂ ಪ್ರಶ್ನೆಗಳ ಉತ್ತರ ಒಂದೇ ಮೆಥಡ್‌ನಲ್ಲಿದೆ. ಅದರ ಹೆಸರು ರಿಸೋರ್ಸ್‌ಆಫರ್ಸ್.

ಕೋಡ್ ಓದುವಾಗ ಹೆಚ್ಚಿನವರು ತಡವರಿಸುವುದು ಇಲ್ಲೇ. ಶೆಡ್ಯೂಲರ್ ಅಂದ ಕೂಡಲೇ, ಅದು ಟಾಸ್ಕ್ ಕೈಯಲ್ಲಿ ಹಿಡಿದು ಜಾಗ ಹುಡುಕುತ್ತದೆ ಅಂದುಕೊಳ್ಳುತ್ತೇವೆ. ಸ್ಪಾರ್ಕ್‌ನಲ್ಲಿ ಆಗುವುದು ಉಲ್ಟಾ. ‘ಈ ಎಕ್ಸಿಕ್ಯೂಟರ್‌ನಲ್ಲಿ ಇಷ್ಟು ಕೋರ್ ಖಾಲಿ ಇದೆ, ಕೆಲಸ ಇದೆಯಾ?’ ಅಂತ ಬ್ಯಾಕೆಂಡ್ (ಎಕ್ಸಿಕ್ಯೂಟರ್‌ಗಳ ಜೊತೆ ಮಾತಾಡುವ ಭಾಗ) ಬಂದು ಕೇಳುತ್ತದೆ. ಇದೆ ಅಥವಾ ಸದ್ಯಕ್ಕಿಲ್ಲ ಅಂತ ಶೆಡ್ಯೂಲರ್ ಹೇಳುತ್ತದೆ. ಈ ದಿಕ್ಕು ಮನಸ್ಸಿನಲ್ಲಿ ಕೂತರೆ ಅರ್ಧ ಕೋಡ್ ತಾನಾಗಿ ಬಿಡಿಸಿಕೊಳ್ಳುತ್ತದೆ.

ಓದುವಾಗ ಕ್ಲಾಸ್‌ಗಳನ್ನು ಒಂದೊಂದಾಗಿ ಮುಗಿಸಲು ಹೋಗಬೇಡಿ. ಒಂದು ಟಾಸ್ಕ್‌ನ ಹಿಂದೆ ಹೋಗಿ. ನೀವು ಕೌಂಟ್ ಅಂತ ಕರೆದಿರಿ ಅನ್ನೋಣ. ಅದು ಸ್ಪಾರ್ಕ್‌ಕಾಂಟೆಕ್ಸ್ಟ್‌ನ ರನ್‌ಜಾಬ್ ಮೂಲಕ ಡ್ಯಾಗ್‌ಶೆಡ್ಯೂಲರ್‌ಗೆ ಬರುತ್ತದೆ. ಅಲ್ಲಿ ಒಂದು ಇವೆಂಟ್ ಕ್ಯೂ ಇದೆ, ಅದನ್ನು ಒಂದೇ ಥ್ರೆಡ್ ಖಾಲಿ ಮಾಡುತ್ತಾ ಇರುತ್ತದೆ. ಜಾಬ್ ಇಲ್ಲಿ ಶಫಲ್ (ಯಂತ್ರಗಳ ನಡುವೆ ಡೇಟಾ ಮರುಹಂಚಿಕೆ) ಇರುವ ಕಡೆಯೆಲ್ಲ ಕತ್ತರಿಸಿಕೊಂಡು ಸ್ಟೇಜ್‌ಗಳಾಗುತ್ತದೆ. ಸಬ್‌ಮಿಟ್‌ಸ್ಟೇಜ್ ಮೊದಲು ಹಿಂದಿನ ಸ್ಟೇಜ್‌ಗಳು ಮುಗಿದಿವೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ ಅವನ್ನೇ ಮುಂದೆ ಕಳಿಸುತ್ತದೆ. ಎಲ್ಲ ಸರಿಯಿದ್ದರೆ ಡೇಟಾದ ಒಂದು ತುಂಡಿಗೆ, ಅಂದರೆ ಒಂದು ಪಾರ್ಟಿಷನ್‌ಗೆ ಒಂದು ಟಾಸ್ಕ್‌ನಂತೆ ಟಾಸ್ಕ್‌ಸೆಟ್ ತಯಾರಾಗಿ ಟಾಸ್ಕ್‌ಶೆಡ್ಯೂಲರ್‌ಇಂಪ್ಲ್‌ನ ಕೈಸೇರುತ್ತದೆ.

ಅಲ್ಲಿನ ಸಬ್‌ಮಿಟ್‌ಟಾಸ್ಕ್ಸ್ ಓದಿದರೆ ನಿರಾಸೆಯಾಗಬಹುದು. ಯಾಕೆಂದರೆ ಅದು ಯಾವ ಟಾಸ್ಕನ್ನೂ ಓಡಿಸುವುದೇ ಇಲ್ಲ! ಟಾಸ್ಕ್‌ಸೆಟ್‌ಗೊಂದು ಟಾಸ್ಕ್‌ಸೆಟ್‌ಮ್ಯಾನೇಜರ್ ಮಾಡಿ, ಪೂಲ್‌ಗೆ ಸೇರಿಸಿ, ಕೊನೆಯಲ್ಲಿ ಬ್ಯಾಕೆಂಡ್‌ಗೆ ರಿವೈವ್‌ಆಫರ್ಸ್ ಅಂತ ಹೇಳಿ ಕೈತೊಳೆದುಕೊಳ್ಳುತ್ತದೆ. ಅಂದರೆ ‘ಖಾಲಿ ಕೋರ್ ಇದ್ದರೆ ಬಂದು ಕೇಳಿ’ ಅಂತ. ಆಮೇಲೆ ಬ್ಯಾಕೆಂಡ್‌ನ ಮೇಕ್‌ಆಫರ್ಸ್ ಖಾಲಿ ಕೋರ್‌ಗಳ ಪಟ್ಟಿ ಮಾಡಿ ರಿಸೋರ್ಸ್‌ಆಫರ್ಸ್‌ಗೆ ಕೊಡುತ್ತದೆ. ಒಂದು ಟಾಸ್ಕ್ ಮುಗಿದಾಗಲೂ ಬಿಡುವಾದ ಕೋರ್ ಇದೇ ದಾರಿಯಲ್ಲಿ ಮತ್ತೆ ಬರುತ್ತದೆ.

ರಿಸೋರ್ಸ್‌ಆಫರ್ಸ್ ಒಳಗೆ ನಿಧಾನಕ್ಕೆ ಓದಿ. ಯಾವಾಗಲೂ ಒಂದೇ ಯಂತ್ರದ ಮೇಲೆ ಹೊರೆ ಬೀಳದಿರಲಿ ಅಂತ ಆಫರ್‌ಗಳನ್ನು ಮೊದಲು ಕಲಸುತ್ತಾರೆ. ಆಮೇಲೆ ಪೂಲ್‌ನಿಂದ ಟಾಸ್ಕ್‌ಸೆಟ್‌ಗಳನ್ನು ಸರದಿಯಲ್ಲಿ ತೆಗೆಯುತ್ತಾರೆ. ನೀವು ಬದಲಾಯಿಸದಿದ್ದರೆ ಸರದಿ ಫಿಫೋ, ಅಂದರೆ ಮೊದಲು ಬಂದದ್ದು ಮೊದಲು. ನಂತರ ಪ್ರತಿ ಟಾಸ್ಕ್‌ಸೆಟ್‌ಗೂ ಲೊಕ್ಯಾಲಿಟಿ ಮಟ್ಟ (ಡೇಟಾ ಎಷ್ಟು ಹತ್ತಿರದಲ್ಲಿದೆ ಅನ್ನುವುದು) ಒಂದೊಂದಾಗಿ ಹಿಡಿದು ಕೇಳುತ್ತಾರೆ. ಡೇಟಾ ಅದೇ ಎಕ್ಸಿಕ್ಯೂಟರ್‌ನ ಮೆಮೊರಿಯಲ್ಲಿದ್ದರೆ ಪ್ರೋಸೆಸ್‌ಲೋಕಲ್. ಅದೇ ಯಂತ್ರದಲ್ಲಿದ್ದರೆ ನೋಡ್‌ಲೋಕಲ್. ಆಮೇಲೆ ರ‍್ಯಾಕ್‌ಲೋಕಲ್ (ಅದೇ ಕಪಾಟಿನ ಬೇರೆ ಯಂತ್ರ), ಕೊನೆಗೆ ಎಲ್ಲಾದರೂ ಸರಿ.

ನಿಮ್ಮ ಅನುಮಾನಕ್ಕೆ ಉತ್ತರ ಇಲ್ಲಿದೆ. ಖಾಲಿ ಎಕ್ಸಿಕ್ಯೂಟರ್ ಬಂದು ಕೇಳಿದರೂ ಟಾಸ್ಕ್‌ಸೆಟ್‌ಮ್ಯಾನೇಜರ್ ‘ಡೇಟಾ ಇರುವ ಕಡೆಯೇ ಕೋರ್ ಸಿಗಬಹುದು, ಸ್ವಲ್ಪ ಕಾಯೋಣ’ ಅಂತ ಬೇಡ ಅನ್ನುತ್ತದೆ. ಡೇಟಾವನ್ನು ನೆಟ್‌ವರ್ಕ್ ಮೇಲೆ ತರುವುದಕ್ಕಿಂತ ಕಾಯುವುದು ಅಗ್ಗ ಅನ್ನುವ ಲೆಕ್ಕ. ಸ್ಪಾರ್ಕ್.ಲೊಕ್ಯಾಲಿಟಿ.ವೇಟ್ ಅನ್ನುವ ಸೆಟ್ಟಿಂಗ್ ಇದನ್ನು ನಿರ್ಧರಿಸುತ್ತದೆ. ಡಿಫಾಲ್ಟ್ 3 ಸೆಕೆಂಡು, ಅದೂ ಪ್ರತಿ ಮಟ್ಟಕ್ಕೂ ಬೇರೆ ಬೇರೆ.

ಮೂರೇ ಸೆಕೆಂಡಾದರೆ ಎಕ್ಸಿಕ್ಯೂಟರ್ ನಿಮಿಷಗಟ್ಟಲೆ ಖಾಲಿ ಕೂರುವುದು ಹೇಗೆ ಅಂತ ನೀವು ಕೇಳಬಹುದು. ಹಳೆಯ ಕೋಡ್‌ನಲ್ಲಿ, ಆ ಮಟ್ಟದಲ್ಲಿ ಒಂದು ಟಾಸ್ಕ್ ಹೊರಟ ಕೂಡಲೇ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತಿತ್ತು. ಟಾಸ್ಕ್‌ಗಳು ತಲಾ ಒಂದು ಸೆಕೆಂಡಿನವು, ಡೇಟಾ ಎಲ್ಲ ಎರಡೇ ಎಕ್ಸಿಕ್ಯೂಟರ್‌ಗಳಲ್ಲಿ ಅಂದುಕೊಳ್ಳಿ. ಸೆಕೆಂಡಿಗೊಂದಾದರೂ ಟಾಸ್ಕ್ ಹೊರಡುತ್ತಲೇ ಇರುತ್ತದೆ, 3 ಸೆಕೆಂಡು ತುಂಬುವುದೇ ಇಲ್ಲ. ಉಳಿದ ಎಕ್ಸಿಕ್ಯೂಟರ್‌ಗಳಿಗೆ ಕೆಲಸವೇ ಸಿಗಲ್ಲ. 3.1ರಿಂದ ಈ ನಿಯಮ ಬದಲಾಗಿದೆ. ಕೊಟ್ಟ ಕೋರ್‌ಗಳನ್ನೆಲ್ಲ ಬಳಸಿಕೊಂಡಾಗ ಮಾತ್ರ ಗಡಿಯಾರ ಸೊನ್ನೆಗೆ ಬರುತ್ತದೆ. ಹಾಗಾಗಿ ಮೊದಲು ನಿಮ್ಮ ಆವೃತ್ತಿ ಯಾವುದು ಅಂತ ನೋಡಿ. ಹಳೆಯದಾಗಿದ್ದು, ಟಾಸ್ಕ್‌ಗಳೂ ಚಿಕ್ಕವಾಗಿದ್ದರೆ, ಈ ವೇಟ್ ಕಡಿಮೆ ಮಾಡಿ. ಡೇಟಾ ಹೇಗೂ ದೂರದ ಸ್ಟೋರೇಜ್‌ನಿಂದಲೇ ಬರುತ್ತಿದ್ದು, ಏನನ್ನೂ ಕ್ಯಾಶ್ ಮಾಡಿಲ್ಲವಾದರೆ, ಸೊನ್ನೆ ಇಟ್ಟರೂ ಸಾಮಾನ್ಯವಾಗಿ ನಷ್ಟವಿಲ್ಲ.

ಮೊದಲ ಓದಿನಲ್ಲಿ ಬ್ಯಾರಿಯರ್, ರಿಸೋರ್ಸ್ ಪ್ರೊಫೈಲ್, ಸ್ಪೆಕ್ಯುಲೇಷನ್ ಇರುವ ಭಾಗಗಳನ್ನು ಧೈರ್ಯವಾಗಿ ಹಾರಿಸಿ. ಬದಲಿಗೆ ಟಾಸ್ಕ್‌ಸೆಟ್‌ಮ್ಯಾನೇಜರ್‌ನ ಟೆಸ್ಟ್ ಫೈಲ್ ಓದಿ. ಅಲ್ಲಿ ಕೈಯಿಂದ ಮುಂದೆ ತಳ್ಳುವ ನಕಲಿ ಗಡಿಯಾರವಿದೆ. ಸಮಯ ಇಷ್ಟು ಮುಂದೆ ಹೋದರೆ ಯಾವ ಟಾಸ್ಕ್ ಯಾರಿಗೆ ಸಿಗುತ್ತದೆ ಅನ್ನುವುದು ಸಾಲು ಸಾಲಾಗಿ ಕಾಣುತ್ತದೆ. ನನ್ನ ಪ್ರಕಾರ ಈ ಕೋಡ್‌ಗೆ ಇದಕ್ಕಿಂತ ಒಳ್ಳೆಯ ವಿವರಣೆ ಇನ್ನೊಂದಿಲ್ಲ.

ಪ್ರಶ್ನೆ: ಟಾಸ್ಕ್ 4 ಸಲ ಸೋತರೆ ಜಾಬ್ ಬೀಳುತ್ತದೆ ಅಂತ ಓದಿದ್ದೇನೆ. ಆದರೆ ಫೆಚ್‌ಫೇಲ್ಡ್ ಬಂದಾಗ ಹಾಗಾಗದೆ, ಮುಗಿದುಹೋದ ಹಿಂದಿನ ಸ್ಟೇಜ್ ಮತ್ತೆ ಓಡುತ್ತದೆ. ಯಾಕೆ?

ಉತ್ತರ: ತಪ್ಪು ಆ ಟಾಸ್ಕ್‌ನದಲ್ಲ, ಅದಕ್ಕೆ. ಮಾಮೂಲಿ ಎಕ್ಸೆಪ್ಷನ್ ಬಂದರೆ ಟಾಸ್ಕ್‌ಸೆಟ್‌ಮ್ಯಾನೇಜರ್ ಆ ಟಾಸ್ಕ್‌ನ ಸೋಲು ಎಣಿಸುತ್ತದೆ, 4 ಆದರೆ ಕೈಬಿಡುತ್ತದೆ. ಫೆಚ್‌ಫೇಲ್ಡ್ ಅಂದರೆ ಓದಬೇಕಾದ ಶಫಲ್ ಫೈಲ್ ಸಿಗಲಿಲ್ಲ ಅಂತ. ಅದೇ ಟಾಸ್ಕನ್ನು ಎಷ್ಟು ಸಲ ಓಡಿಸಿದರೂ ಕಳೆದ ಫೈಲ್ ವಾಪಸ್ ಬರಲ್ಲ, ಅಲ್ವಾ? ಅದಕ್ಕೇ ಅದನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹ್ಯಾಂಡಲ್‌ಫೇಲ್ಡ್‌ಟಾಸ್ಕ್ ಮೆಥಡ್ ನೋಡಿ. ಫೆಚ್‌ಫೇಲ್ಡ್ ಆದ ಟಾಸ್ಕನ್ನು ಅಲ್ಲಿ ‘ಯಶಸ್ವಿ’ ಅಂತ ಗುರುತು ಹಾಕುತ್ತಾರೆ. ಮೊದಲ ಸಲ ನೋಡಿದರೆ ಗಾಬರಿಯಾಗುತ್ತದೆ. ‘ಈ ಟಾಸ್ಕ್‌ಸೆಟ್ ಇದನ್ನು ಮತ್ತೆ ಮುಟ್ಟುವುದು ಬೇಡ’ ಅನ್ನುವುದಷ್ಟೇ ಅದರ ಅರ್ಥ. ಜೊತೆಗೆ ಟಾಸ್ಕ್‌ಸೆಟ್ ಜೋಂಬಿ ಆಗುತ್ತದೆ, ಅಂದರೆ ಹೊಸ ಟಾಸ್ಕ್ ಕೊಡುವುದನ್ನು ನಿಲ್ಲಿಸುತ್ತದೆ. ಮುಂದಿನದು ಡ್ಯಾಗ್‌ಶೆಡ್ಯೂಲರ್‌ನ ಪಾಲು. ಅದು ಕಳೆದುಹೋದ ಶಫಲ್ ಫೈಲ್‌ಗಳನ್ನು, ಅಂದರೆ ಮ್ಯಾಪ್ ಔಟ್‌ಪುಟ್‌ಗಳನ್ನು ದಾಖಲೆಯಿಂದ ತೆಗೆದು, ಅವನ್ನು ಹುಟ್ಟಿಸಿದ ಸ್ಟೇಜನ್ನು ಮತ್ತೆ ಸಾಲಿಗೆ ಹಾಕುತ್ತದೆ. ಸಾಮಾನ್ಯವಾಗಿ ಕಳೆದ ಪಾರ್ಟಿಷನ್‌ಗಳಷ್ಟೇ ಮತ್ತೆ ಓಡುತ್ತವೆ, ಇಡೀ ಸ್ಟೇಜ್ ಅಲ್ಲ. ಇದಕ್ಕೂ ಮಿತಿ ಇದೆ. ಒಂದೇ ಸ್ಟೇಜ್ ಬೆನ್ನುಬೆನ್ನಿಗೆ 4 ಸಲ ಹೀಗೆ ಬಿದ್ದರೆ ಜಾಬ್ ನಿಲ್ಲುತ್ತದೆ. ಲಾಗ್‌ನಲ್ಲಿ ಫೆಚ್‌ಫೇಲ್ಡ್ ಪದೇಪದೇ ಕಂಡರೆ ನಿಮ್ಮ ಟಾಸ್ಕ್‌ನ ಕೋಡ್ ಕೆದಕುತ್ತಾ ಕೂರಬೇಡಿ. ಫೈಲ್ ಇಟ್ಟುಕೊಂಡಿದ್ದ ಎಕ್ಸಿಕ್ಯೂಟರ್ ಯಾಕೆ ಸತ್ತಿತು ಅಂತ ಮೊದಲು ಹುಡುಕಿ. ಬಹಳ ಸಲ ಮೆಮೊರಿ ಮಿತಿ ಮೀರಿ ಅದನ್ನು ಕ್ಲಸ್ಟರ್ ಮ್ಯಾನೇಜರೇ ಕೊಂದಿರುತ್ತದೆ.