ಆರು ಫೋನ್ ಕರೆ, ಒಂಬತ್ತು ಪ್ರಶ್ನೆ: ಎನ್‌ಎಚ್‌ಎಸ್ ಮಾತಿನ ಚಿಕಿತ್ಸೆ ಬಗ್ಗೆ ಓದುಗರು ಕೇಳಿದ್ದು

ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಟಾಕಿಂಗ್ ಥೆರಪೀಸ್ ಬಗ್ಗೆ. ಖಿನ್ನತೆಗೆ, ಆತಂಕಕ್ಕೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಈ ಉಚಿತ ಸೇವೆ 2008ರಲ್ಲಿ ಐಎಪಿಟಿ ಎಂಬ ಹೆಸರಿನಲ್ಲಿ ಶುರುವಾಯಿತು. ಈಗಿನ ಹೆಸರು ಬಂದದ್ದು 2023ರಲ್ಲಿ. ಇಂಗ್ಲೆಂಡಿನ ಯಾವುದಾದರೂ ಜಿಪಿ (ಕುಟುಂಬ ವೈದ್ಯರು) ಬಳಿ ನೋಂದಣಿಯಾಗಿದ್ದರೆ, ಅವರ ಚೀಟಿಗೆ ಕಾಯದೆ ನೀವೇ ಅರ್ಜಿ ಹಾಕಬಹುದು. ಸ್ಕಾಟ್ಲೆಂಡ್, ವೇಲ್ಸ್‌ಗಳ ವ್ಯವಸ್ಥೆ ಬೇರೆ, ಅಲ್ಲಿನವರಿಗೆ ಕೆಳಗಿನ ಉತ್ತರಗಳು ಪೂರ್ತಿ ಹೊಂದುವುದಿಲ್ಲ.

ಪ್ರಶ್ನೆ: ಕೆಲಸ ಹೋದ ಮೇಲೆ ಆರು ತಿಂಗಳಿಂದ ಯಾವುದರಲ್ಲೂ ಮನಸ್ಸಿಲ್ಲ. ಅರ್ಜಿ ಹಾಕಿದೆ. ಚಿಕ್ಕ ವಯಸ್ಸಿನ ಒಬ್ಬರು ಫೋನ್ ಮಾಡಿ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು. ಕೊನೆಗೆ "ಗೈಡೆಡ್ ಸೆಲ್ಫ್ ಹೆಲ್ಪ್" ಅಂದರು: ಅರ್ಧರ್ಧ ಗಂಟೆಯ ಆರು ಫೋನ್ ಕರೆ, ಜೊತೆಗೊಂದು ವರ್ಕ್‌ಬುಕ್. ಅವರು ಸೈಕಾಲಜಿಸ್ಟ್ ಕೂಡ ಅಲ್ಲವಂತೆ. ನನ್ನನ್ನು ಸಾಗಹಾಕಿದರಾ?
— ಲೆಸ್ಟರ್ ಓದುಗರು

ಉತ್ತರ: ಸಾಗಹಾಕಿದ್ದಲ್ಲ. ಆದರೆ ಯಾಕೆ ಹೀಗೆ ಎಂದು ನಿಮಗೆ ಬಿಡಿಸಿ ಹೇಳದಿದ್ದದ್ದು ಅವರ ಲೋಪ.

ಇಲ್ಲಿ ಚಿಕಿತ್ಸೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಿಮ್ಮ ಜೊತೆ ಮಾತಾಡಿದವರನ್ನು ಪಿಡಬ್ಲ್ಯುಪಿ ಎನ್ನುತ್ತಾರೆ, ಅಂದರೆ ಸೈಕಲಾಜಿಕಲ್ ವೆಲ್‌ಬೀಯಿಂಗ್ ಪ್ರಾಕ್ಟಿಷನರ್. ಒಂದು ವರ್ಷದ ತರಬೇತಿ ಪಡೆದವರು. ಪ್ರತಿ ವಾರ ಮೇಲ್ವಿಚಾರಕರ ಮುಂದೆ ಕೂತು ತಮ್ಮ ಕೇಸುಗಳ ಲೆಕ್ಕ ಒಪ್ಪಿಸುವುದು ಅವರ ಕೆಲಸದ ಭಾಗ. ತೀವ್ರವಲ್ಲದ ಖಿನ್ನತೆಗೆ 6ರಿಂದ 8 ಭೇಟಿಯ ಗೈಡೆಡ್ ಸೆಲ್ಫ್ ಹೆಲ್ಪನ್ನು ಮೊದಲ ಆಯ್ಕೆಗಳಲ್ಲೊಂದಾಗಿ ಪರಿಗಣಿಸಿ ಎಂದು, ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸೂಚಿಸುವ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೇ ಹೇಳುತ್ತದೆ. ಮೇಲಿನ ಮೆಟ್ಟಿಲಲ್ಲಿ ಪೂರ್ಣ ತರಬೇತಿಯ ಥೆರಪಿಸ್ಟ್ ಇರುತ್ತಾರೆ. ಅಲ್ಲಿ ಸಿಬಿಟಿ (ಯೋಚನೆ, ನಡವಳಿಕೆಯ ರೂಢಿ ಬದಲಿಸುವ ಮಾತಿನ ಚಿಕಿತ್ಸೆ) ಎಂದರೆ ತೀವ್ರ ಖಿನ್ನತೆಗೆ ಸಾಮಾನ್ಯವಾಗಿ 16 ಭೇಟಿ.

ಕೆಲವು ತೊಂದರೆಗಳಲ್ಲಿ ಮಾತ್ರ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಬಾರದು. ಅಪಘಾತ, ಹಲ್ಲೆಯಂಥ ಆಘಾತದ ನಂತರದ ಪಿಟಿಎಸ್‌ಡಿ, ಜನರೆದುರು ಬರಲಾಗದ ಸೋಷಿಯಲ್ ಆಂಗ್ಸೈಟಿ ಇದ್ದವರು ನೇರ ಮೇಲಿನ ಮೆಟ್ಟಿಲಿಗೇ ಹೋಗಬೇಕು. ಮೊದಲ ಕರೆಯಲ್ಲಿ ಸಂಕೋಚಕ್ಕೆ ಇದನ್ನು ಮುಚ್ಚಿಟ್ಟು, "ಸ್ವಲ್ಪ ಟೆನ್ಶನ್" ಎಂದಷ್ಟೇ ಹೇಳಿ, ತಪ್ಪು ಮೆಟ್ಟಿಲಲ್ಲಿ ಕೂತವರು ಬಹಳ. ಅಂಥದ್ದೇನಾದರೂ ಇದ್ದರೆ ಈಗಲೇ ಫೋನ್ ಮಾಡಿ ಹೇಳಿ.

ಇಲ್ಲವಾದರೆ ಆ ಆರು ಕರೆಗಳಿಂದ ಎಷ್ಟು ಹಿಂಡಿಕೊಳ್ಳುತ್ತೀರಿ ಎಂಬುದು ವರ್ಕ್‌ಬುಕ್ಕಿನ ಮೇಲೆ ನಿಂತಿದೆ. ನಿಮ್ಮಂಥ ಸ್ಥಿತಿಗೆ ಸಾಮಾನ್ಯವಾಗಿ ಕೊಡುವುದು ಬಿಹೇವಿಯರಲ್ ಆಕ್ಟಿವೇಷನ್. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯುವುದರಿಂದಲೇ ಖಿನ್ನತೆ ಬಲಿಯುತ್ತದೆ, ಆದ್ದರಿಂದ ಮೊದಲು ಮಾಡು, ಮನಸ್ಸು ಹಿಂದೆ ಬರಲಿ ಎಂಬುದು ಅದರ ತಿರುಳು. ಒಂದು ವಾರ ದಿನಚರಿ ಬರೆಯುತ್ತೀರಿ. ಬಿಟ್ಟುಹೋದ ಕೆಲಸಗಳನ್ನು ಮೂರು ಗುಂಪು ಮಾಡುತ್ತೀರಿ: ದಿನನಿತ್ಯದವು (ಸ್ನಾನ, ಅಡುಗೆ), ಬಿಟ್ಟರೆ ಪೆಟ್ಟು ಬೀಳುವಂಥವು (ಬಾಡಿಗೆ, ಬಿಲ್ಲು, ಕಾಗದಪತ್ರ), ಖುಷಿ ಕೊಡುತ್ತಿದ್ದವು. ಆಮೇಲೆ ಸುಲಭದಿಂದ ಕಷ್ಟದವರೆಗೆ ಜೋಡಿಸಿ, ಮೂರೂ ಗುಂಪಿನಿಂದ ಒಂದೊಂದು ಆರಿಸಿ ವಾರಕ್ಕೆ ಹಂಚುತ್ತೀರಿ.

ಜನ ಎಡವುವುದು ಇಲ್ಲೇ. "ದಿನಾ ವಾಕಿಂಗ್" ಎಂದು ಬರೆದರೆ ಅದು ಆಗುವುದಿಲ್ಲ. "ಮಂಗಳವಾರ ಬೆಳಗ್ಗೆ 9ಕ್ಕೆ, ಮಗುವನ್ನು ಶಾಲೆಗೆ ಬಿಟ್ಟು, ಅಲ್ಲಿಂದಲೇ ಪಾರ್ಕಿನ ಗೇಟಿನ ತನಕ, 10 ನಿಮಿಷ, ಒಬ್ಬನೇ" ಎಂದು ಬರೆಯಿರಿ. ಏನು, ಎಲ್ಲಿ, ಯಾವಾಗ, ಯಾರ ಜೊತೆ, ನಾಲ್ಕೂ ಇರಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಎಂದು ಪಕ್ಕದಲ್ಲೇ ಎರಡು ಪದ ಗೀಚಿ: ಮಳೆ, ರಾತ್ರಿ ನಿದ್ದೆ ಇಲ್ಲ, ಪಕ್ಕದ ಮನೆಯವರು ಎದುರಾಗುತ್ತಾರೆಂಬ ಅಳುಕು. ಮುಂದಿನ ಕರೆಗೆ ಬೇಕಾದ ಸರಕು ಅದೇ. ಹೋಂವರ್ಕ್ ಆಗಿಲ್ಲವೆಂದು ನಾಚಿ ಕರೆಯನ್ನೇ ತಪ್ಪಿಸಿಕೊಳ್ಳುವವರಿದ್ದಾರೆ. ಆಗದಿದ್ದ ವಾರದ ಕರೆಯೇ ಹೆಚ್ಚು ಉಪಯೋಗಕ್ಕೆ ಬರುವುದು.

ಮೂರು-ನಾಲ್ಕು ಕರೆಯಾದರೂ ಏನೂ ಕದಲದಿದ್ದರೆ ಆರನೆಯದರ ತನಕ ಸುಮ್ಮನಿರಬೇಡಿ. "ಇದರಿಂದ ಬದಲಾವಣೆ ಕಾಣುತ್ತಿಲ್ಲ, ನನ್ನನ್ನು ಸ್ಟೆಪ್ ಅಪ್ ಮಾಡುವ ಬಗ್ಗೆ ಮೇಲ್ವಿಚಾರಕರ ಜೊತೆ ಚರ್ಚಿಸುತ್ತೀರಾ?" ಎಂದು ಕೇಳಿ. ಅವರ ಒಳಗಿನ ಮಾತೂ ಅದೇ, ಥಟ್ಟನೆ ಅರ್ಥವಾಗುತ್ತದೆ.

ಪ್ರಶ್ನೆ: ಪ್ರತಿ ಸಲವೂ ಅದದೇ ಫಾರ್ಮ್ ತುಂಬಿಸುತ್ತಾರೆ. ಥೆರಪಿಸ್ಟ್ ತುಂಬಾ ಒಳ್ಳೆಯವರು, ಅವರಿಗೆ ಬೇಜಾರಾಗಬಾರದು ಅಂತ ಕಳೆದ ಎರಡು ಸಲ ಕಡಿಮೆ ಅಂಕ ಹಾಕಿದೆ. ಈಗ "ನೀವು ರಿಕವರಿಯಲ್ಲಿದ್ದೀರಿ, ಮುಗಿಸೋಣ" ಅನ್ನುತ್ತಿದ್ದಾರೆ. ಇನ್ನೊಂದು: ಕೊನೆಯ ಪ್ರಶ್ನೆಗೆ ನಿಜ ಹೇಳಿದರೆ ಮನೆಗೆ ಪೊಲೀಸ್ ಬರುತ್ತಾರಾ?
— ರೆಡಿಂಗ್ ಓದುಗರು

ಉತ್ತರ: ಅತಿಥಿ ಸತ್ಕಾರ ಈ ಫಾರ್ಮಿಗೆ ಬೇಡ! ನೀವು ಕಡಿಮೆ ಹಾಕಿದರೆ ಅವರಿಗೆ ಖುಷಿಯಾಗುವುದಿಲ್ಲ, ಲೆಕ್ಕ ತಪ್ಪುತ್ತದೆ ಅಷ್ಟೆ.

ಆ ಲೆಕ್ಕ ಹೀಗಿದೆ. ಪಿಎಚ್‌ಕ್ಯೂ-9 ಖಿನ್ನತೆಯ ಅಳತೆ: ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಜಿಎಡಿ-7 ಆತಂಕದ್ದು: ಏಳು ಪ್ರಶ್ನೆ, ಒಟ್ಟು 21. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 8 ಗೆರೆ. ಶುರುವಿನಲ್ಲಿ ಯಾವುದಾದರೂ ಒಂದು ಗೆರೆ ಮುಟ್ಟಿದ್ದು, ಕೊನೆಗೆ ಎರಡೂ ಗೆರೆಯ ಕೆಳಗಿಳಿದರೆ "ರಿಕವರಿ" ಎಂದು ದಾಖಲಾಗುತ್ತದೆ. ಆದರೆ 11 ಇದ್ದದ್ದು 9 ಆದರೂ ಗೆರೆ ದಾಟಿದಂತೆಯೇ ಅಲ್ಲವೇ? ಅದಕ್ಕೇ ಇನ್ನೊಂದು ಅಳತೆ ಇದೆ: ಪಿಎಚ್‌ಕ್ಯೂ-9ರಲ್ಲಿ ಕನಿಷ್ಠ 6, ಜಿಎಡಿ-7ರಲ್ಲಿ ಕನಿಷ್ಠ 4 ಅಂಕ ಇಳಿದರೆ ಮಾತ್ರ ನಂಬಬಹುದಾದ ಬದಲಾವಣೆ. ಒಂದೆರಡು ಅಂಕದ ಏರಿಳಿತಕ್ಕೆ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಕೆಟ್ಟ ವಾರವೊಂದು ಸಾಕು ಅದಕ್ಕೆ.

ಅಂಕಿ ಸುಳ್ಳು ಹೇಳುವ ಇನ್ನೊಂದು ದಾರಿಯೂ ಇದೆ. ನಿದ್ದೆ, ಸುಸ್ತು, ಹಸಿವು ಈ ಮೂರೂ ಪ್ರಶ್ನೆಗಳಿಗೆ ಥೈರಾಯ್ಡ್, ರಕ್ತಹೀನತೆ, ರಾತ್ರಿಪಾಳಿ ಯಾವುದಾದರೂ ಉತ್ತರವಾಗಬಹುದು. ಅಂಥ ಕಾರಣ ಇದ್ದರೆ ಅಂಕ ಇದ್ದಂತೆಯೇ ಹಾಕಿ, ಕಾರಣವನ್ನು ಬಾಯಲ್ಲಿ ಹೇಳಿ.

ಈಗ ಮಾಡಬೇಕಾದದ್ದು: ಮುಂದಿನ ಭೇಟಿಗೆ ಮೊದಲೇ "ಹಿಂದಿನ ಎರಡು ಫಾರ್ಮ್ ಸರಿಯಾಗಿ ತುಂಬಿರಲಿಲ್ಲ, ಮತ್ತೆ ತುಂಬಬೇಕು" ಎಂದು ತಿಳಿಸಿ. ಇದು ಅವರಿಗೆ ಹೊಸದೇನಲ್ಲ. ಬಯ್ಯುವುದಿಲ್ಲ. ಮುಗಿಸುವ ತೀರ್ಮಾನ ಅಂಕಿಯೊಂದರಿಂದಲೇ ಆಗಬೇಕಾದದ್ದೂ ಅಲ್ಲ, ಶುರುವಿನಲ್ಲಿ ನೀವಿಬ್ಬರೂ ಒಪ್ಪಿಕೊಂಡ ಗುರಿ ಎಲ್ಲಿಗೆ ಬಂತು ಎಂದು ಕೇಳಿ.

ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಂತಕ್ಕೆ ಘಾಸಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಅಲ್ಲಿ 1 ಹಾಕಿದ ಮಾತ್ರಕ್ಕೆ ಯಾರೂ ಬಾಗಿಲು ಬಡಿಯುವುದಿಲ್ಲ. ಬದಲಿಗೆ ಬಿಡಿಸಿ ಕೇಳುತ್ತಾರೆ: ಬರೀ ಯೋಚನೆಯೇ, ಹೇಗೆಂದು ಯೋಜನೆ ಇದೆಯೇ, ಅದಕ್ಕೆ ಬೇಕಾದದ್ದು ಕೈಗೆಟುಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದಿದೆಯೇ, ನಿಮ್ಮನ್ನು ತಡೆದು ನಿಲ್ಲಿಸಿರುವುದು ಏನು. "ಸಾಕಪ್ಪಾ ಈ ಬಾಳು" ಎಂದು ನಾವು ಬಾಯಿಮಾತಿಗೆ ಅನ್ನುವುದಕ್ಕೂ ಯೋಜನೆ ಹಾಕಿಕೊಂಡಿರುವುದಕ್ಕೂ ಇರುವ ಅಂತರ ಅವರಿಗೆ ಗೊತ್ತು. ಜೀವಕ್ಕೆ ಈಗಲೇ ಅಪಾಯ ಎನಿಸಿದರೆ ಮಾತ್ರ ನಿಮ್ಮ ಒಪ್ಪಿಗೆ ಇಲ್ಲದೆಯೂ ಬೇರೆಯವರಿಗೆ ತಿಳಿಸಬಹುದು. ಈ ಸೇವೆ ತುರ್ತಿಗೆ ಇರುವುದಲ್ಲ. ಅಂಥ ಹೊತ್ತಿನಲ್ಲಿ 111ಕ್ಕೆ ಕರೆ ಮಾಡಿ ಮಾನಸಿಕ ಆರೋಗ್ಯದ ಆಯ್ಕೆ 2 ಒತ್ತಿ, ಹಗಲು ರಾತ್ರಿ ಇರುತ್ತದೆ. ಪ್ರಾಣಾಪಾಯವಿದ್ದರೆ 999. ಬರೀ ಮಾತಾಡಲು ಒಬ್ಬರು ಬೇಕೆನಿಸಿದರೆ ಸಮಾರಿಟನ್ಸ್, 116 123.

ಪ್ರಶ್ನೆ: ಮೊದಲ ಭೇಟಿ ಮೂರೇ ವಾರಕ್ಕೆ ಸಿಕ್ಕಿತು. ಅದಾಗಿ ನಾಲ್ಕು ತಿಂಗಳು, ಸುದ್ದಿಯೇ ಇಲ್ಲ.
— ಲಂಡನ್ ಓದುಗರು

ಉತ್ತರ: ಇದು ಎಲ್ಲರೂ ಹೇಳುವ ದೂರು. ಕಾರಣ ಲೆಕ್ಕ ಹಿಡಿಯುವ ರೀತಿಯಲ್ಲಿದೆ. ನೂರರಲ್ಲಿ 75 ಜನಕ್ಕೆ 6 ವಾರದೊಳಗೆ, 95 ಜನಕ್ಕೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬುದು ರಾಷ್ಟ್ರೀಯ ಗುರಿ. ಗಡಿಯಾರ ನಿಲ್ಲುವುದು ಮೊದಲ ಚಿಕಿತ್ಸಾ ಭೇಟಿಗೆ, ಎರಡನೆಯದಕ್ಕಲ್ಲ. ಮೊದಲ ಕರೆಯಲ್ಲೇ ಒಂದಿಷ್ಟು ಸಲಹೆ ಕೊಟ್ಟರೆ ಅದನ್ನೂ ಚಿಕಿತ್ಸೆ ಎಂದು ಎಣಿಸಲು ಬರುತ್ತದೆ. ಮೊದಲ ಮತ್ತು ಎರಡನೇ ಭೇಟಿಯ ನಡುವೆ 90 ದಿನಕ್ಕಿಂತ ಹೆಚ್ಚು ಕಾಯುವವರು ಶೇ 10 ಮೀರಬಾರದು ಎಂಬ ಅಳತೆಯೂ ಇದೆ. ನೀವು ಅದನ್ನು ದಾಟಿದ್ದೀರಿ. ಫೋನ್ ಮಾಡಿದಾಗ ಆ 90 ದಿನದ ಮಾತು ಎತ್ತಿ.

ಜೊತೆಗೆ ಮೂರು ವಿಷಯ ಕೇಳಿಕೊಳ್ಳಿ: ಯಾವ ಪಟ್ಟಿಯಲ್ಲಿದ್ದೀರಿ, ಬೇರೆಯವರು ರದ್ದು ಮಾಡಿದ ಸಮಯ ಸಿಗುವಂತೆ ಹೆಸರು ಬರೆಸಬಹುದೇ, ಗುಂಪು ಚಿಕಿತ್ಸೆಗೆ ಅಥವಾ ವಿಡಿಯೋಗೆ ಒಪ್ಪಿದರೆ ಎಷ್ಟು ಬೇಗ. ಸಂಜೆಯ ಸಮಯವೇ ಬೇಕೆಂದರೆ ಸರದಿ ಉದ್ದ, ಹಗಲಲ್ಲಿ ಬಿಡುವು ಮಾಡಿಕೊಳ್ಳಲು ಆಗುವುದಾದರೆ ಹೇಳಿ. ಅಪರಿಚಿತ ನಂಬರಿನಿಂದ ಬರುವ ಕರೆ ಎತ್ತಿ, ಸ್ಪ್ಯಾಮ್ ಪೆಟ್ಟಿಗೆ ನೋಡಿ. ಬಹಳಷ್ಟು ಸೇವೆಗಳು ನಂಬರ್ ಮರೆಮಾಡಿ ಕರೆ ಮಾಡುತ್ತವೆ, ಒಂದೆರಡು ಸಲ ಸಿಗದಿದ್ದರೆ ಕಡತ ಮುಚ್ಚುತ್ತವೆ.

ಪ್ರಶ್ನೆ: ಇಲ್ಲೇ ನೆಲೆಸಿರುವ ಅಮ್ಮನಿಗೆ 68. ಅಪ್ಪ ತೀರಿಕೊಂಡ ಮೇಲೆ ಕುಗ್ಗಿಹೋಗಿದ್ದಾರೆ. ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಅನುವಾದ ಮಾಡಬಹುದೇ?
— ಮಿಲ್ಟನ್ ಕೀನ್ಸ್ ಓದುಗರು

ಉತ್ತರ: ಅರ್ಜಿ ತುಂಬಲು ಕೂತುಕೊಳ್ಳಿ, ಚಿಕಿತ್ಸೆಗೆ ಬೇಡ. ಸೊಸೆಯ ಮೇಲಿನ ಸಿಟ್ಟನ್ನೋ, ಊರಿಗೆ ಹಿಂದಿರುಗುವ ಆಸೆಯನ್ನೋ ಮಗನ ಬಾಯಿಂದ ಹೇಳಿಸಲು ಯಾವ ತಾಯಿಗೂ ಆಗದು. ದುಭಾಷಿಯನ್ನು ಸೇವೆಯೇ ಉಚಿತವಾಗಿ ಒದಗಿಸಬೇಕು. ಅರ್ಜಿಯಲ್ಲೇ "ಕನ್ನಡ" ಎಂದು ಬರೆಯಿರಿ, ಬರೀ "ಇಂಡಿಯನ್" ಎಂದರೆ ಹಿಂದಿಯವರನ್ನು ಕಳಿಸಿಯಾರು. ಹೆಂಗಸರೇ ಬೇಕಾದರೆ ಈಗಲೇ ಹೇಳಿ. ನಮ್ಮವರ ನಡುವೆ ಸುದ್ದಿ ಹರಡೀತೆಂಬ ಭಯವಿದ್ದರೆ ದೂರದ ಊರಿನವರನ್ನು ಫೋನ್ ಮೂಲಕ ಕೇಳಬಹುದು. ಪ್ರತಿ ಸಲವೂ ಅದೇ ದುಭಾಷಿ ಇರಲಿ ಎಂದು ಒತ್ತಾಯಿಸಿ. ಮಾತು ಎರಡು ಸಲ ಆಡಬೇಕಾದ್ದರಿಂದ ಭೇಟಿಯ ಅವಧಿಯನ್ನೂ ಹೆಚ್ಚು ಕೇಳಿ.

ಪದಗಳ ಬಗ್ಗೆ ಒಂದು ಎಚ್ಚರಿಕೆ. "ಬೇಜಾರು" ಎಂಬ ನಮ್ಮ ಒಂದೇ ಪದದಲ್ಲಿ ದುಃಖವಿದೆ, ಬೇಸರವಿದೆ, ಮುನಿಸಿದೆ, ಜೀವನವೇ ಸಾಕಾಗಿದೆ ಎಂಬುದೂ ಇದೆ. ಇಂಗ್ಲಿಷಿಗೆ ಅದು "ಬೋರ್ಡ್" ಎಂದು ಹೋದರೆ ಕಾಯಿಲೆಯೇ ಕಣ್ಮರೆ. "ಎದೆ ಭಾರ" ಎಂದದ್ದು ಹೃದಯದ ತೊಂದರೆಯಾಗಿ ಇಸಿಜಿಗೆ ಕಳಿಸಿದರೂ ಆಶ್ಚರ್ಯವಿಲ್ಲ. ಅಮ್ಮ ಬಳಸುವ ಇಂಥ ನಾಲ್ಕೈದು ಮಾತನ್ನು, ಯಾವಾಗ ಅನ್ನುತ್ತಾರೆಂಬ ವಿವರದೊಂದಿಗೆ ಒಂದು ಹಾಳೆಯಲ್ಲಿ ಬರೆದು ಮೊದಲ ಭೇಟಿಗೆ ಕೊಡಿ. ಮಗನಾಗಿ ನೀವು ಮಾಡಬಹುದಾದ ಅನುವಾದ ಅದು.

ಪ್ರಶ್ನೆ: ಆಫೀಸಿಗೆ ಗೊತ್ತಾಗುತ್ತದಾ?
— ಹೆಸರು, ಊರು ಬೇಡ ಎಂದವರು

ಉತ್ತರ: ಸೇವೆಯವರು ಹೇಳುವುದಿಲ್ಲ. ಜಿಪಿಗೆ ಸಾಮಾನ್ಯವಾಗಿ ಪತ್ರ ಹೋಗುತ್ತದೆ, ಏನು ಬರೆಯುತ್ತಾರೆಂದು ಕೇಳಿ ನೋಡಬಹುದು.

ಪ್ರಶ್ನೆ: ಎರಡು ಭೇಟಿ ತಪ್ಪಿತು, ಡಿಸ್ಚಾರ್ಜ್ ಮಾಡಿದರು. ನಿಜ ಹೇಳಬೇಕೆಂದರೆ ಆ ಥೆರಪಿಸ್ಟ್ ಜೊತೆ ನನಗೆ ಹೊಂದಿಕೆಯೂ ಆಗಿರಲಿಲ್ಲ.
— ಮ್ಯಾಂಚೆಸ್ಟರ್ ಓದುಗರು

ಉತ್ತರ: ಭೇಟಿ ತಪ್ಪಿದರೆ ಕೈಬಿಡುವ ನಿಯಮ ಹೆಚ್ಚಿನ ಕಡೆ ಇದೆ, ಎಷ್ಟು ಸಲಕ್ಕೆ ಎಂಬುದು ಸೇವೆಯಿಂದ ಸೇವೆಗೆ ಬೇರೆ. ಹಿಂದಿನ ದಿನ ಒಂದು ಸಂದೇಶ ಹಾಕಿದರೆ ಅದು ತಪ್ಪಿದ್ದೆಂದಾಗದೆ ಮುಂದೂಡಿದ್ದೆಂದು ಎಣಿಕೆಯಾಗುವುದುಂಟು. ಮತ್ತೆ ಅರ್ಜಿ ಹಾಕಲು ಅಡ್ಡಿಯಿಲ್ಲ. ಹಾಕುವಾಗ ಹೊಂದಿಕೆಯಾಗದ ವಿಷಯ ಬರೆಯಿರಿ, ಆದರೆ "ಸರಿಹೋಗಲಿಲ್ಲ" ಎಂದಷ್ಟೇ ಬೇಡ. ಮಾತು ಮಧ್ಯೆ ಕತ್ತರಿಸಿದರೇ, ಕುಟುಂಬದ ಸಂಗತಿ ಅರ್ಥವಾಗಲಿಲ್ಲವೇ, ನೀವು ಮನಸ್ಸು ತೋಡಿಕೊಳ್ಳಲು ಹೋದಾಗ ಅವರು ಹಾಳೆ ಮುಂದಿಟ್ಟರೇ? ಕೊನೆಯದಾದರೆ ನಿಮಗೆ ಸಿಬಿಟಿಗಿಂತ ಕೌನ್ಸೆಲಿಂಗ್ ಒಗ್ಗೀತು. ಖಿನ್ನತೆಗೆ ಅದೂ ಇದೇ ಸೇವೆಯಲ್ಲಿದೆ, ಹೆಸರು ಹಿಡಿದು ಕೇಳಿ.

ನಿಜಕ್ಕೂ ಅನ್ಯಾಯವಾಗಿದ್ದರೆ ಘಟನೆಯಾದ 12 ತಿಂಗಳೊಳಗೆ ಸೇವೆಗೆ ಅಥವಾ ಸ್ಥಳೀಯ ಐಸಿಬಿಗೆ (ಆ ಪ್ರದೇಶದ ಎನ್‌ಎಚ್‌ಎಸ್ ಸೇವೆಗಳನ್ನು ನೋಡಿಕೊಳ್ಳುವ ಮಂಡಳಿ) ಲಿಖಿತ ದೂರು ಕೊಡಿ, ಇಬ್ಬರಿಗೂ ಬೇಡ. ದಿನಾಂಕ, ಏನಾಯಿತು, ಈಗ ಏನು ಬೇಕು, ಮೂರೂ ಒಂದೇ ಪುಟದಲ್ಲಿರಲಿ. ಅವರ ಅಂತಿಮ ಉತ್ತರ ಒಪ್ಪಿಗೆಯಾಗದಿದ್ದರೆ ಆ ಪತ್ರ ಇಟ್ಟುಕೊಂಡು ಪಾರ್ಲಿಮೆಂಟರಿ ಅಂಡ್ ಹೆಲ್ತ್ ಸರ್ವಿಸ್ ಓಂಬುಡ್ಸ್‌ಮನ್ ಬಳಿ ಹೋಗಬಹುದು.