‘ದುರಾಸೆ’ ಅಂದರೆ ಮುಗಿಯಲಿಲ್ಲ

ಅಥಣಿಯ ಗೆಳೆಯರಿಗೆ ನಮಸ್ಕಾರ.

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಬ್ಲ್ಯಾಕ್‌ಬರ್ನ್ ರೋವರ್ಸ್ ಪತನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಇಸವಿಗಳು ಸರಿಯಾಗಿವೆ. ಆದರೆ ಈಗಿರುವ ಹಾಗೆ ಅಚ್ಚು ಹಾಕಲಾರೆ. ಎರಡು ಸಾಲು ನನಗೆ ನುಂಗಲಾಗುತ್ತಿಲ್ಲ.

ಒಂದು: ‘ಪುಣೆಯ ಕೋಳಿ ಉದ್ಯಮಿಗಳ ದುರಾಸೆಗೆ 1875ರ ಕ್ಲಬ್ ಬಲಿಯಾಯಿತು.’ ದುರಾಸೆ ಎಲ್ಲಿದೆ, ತೋರಿಸಿ. ಆ ಉದ್ಯಮಿಗಳು, ಅಂದರೆ ವೆಂಕೀಸ್ ಕಂಪನಿಯವರು, 2010ರ ನವೆಂಬರ್‌ನಲ್ಲಿ ಸುಮಾರು 2.3 ಕೋಟಿ ಪೌಂಡ್ ಕೊಟ್ಟು ಕ್ಲಬ್ ಕೊಂಡರು. ಆಮೇಲೆ ವರ್ಷವರ್ಷವೂ ನಷ್ಟ ತುಂಬುತ್ತ ಬಂದರು. ಬಾಚಿಕೊಂಡು ಹೋದವರಲ್ಲ. ಎಡವಟ್ಟಾದದ್ದು ಅವರ ತೀರ್ಮಾನಗಳಲ್ಲಿ. ಕೊಂಡು ತಿಂಗಳಾಗುವಷ್ಟರಲ್ಲಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. ಆಗ ತಂಡ 13ನೇ ಸ್ಥಾನದಲ್ಲಿತ್ತು. ಆ ಕುರ್ಚಿಗೆ ಬಂದ ಸ್ಟೀವ್ ಕೀನ್ ಅಲ್ಲಿಯವರೆಗೆ ಕೋಚ್ ಆಗಿದ್ದವರು, ತಂಡ ನಡೆಸಿದವರಲ್ಲ. 2012ರ ಮೇ 7ರಂದು ತವರಿನಲ್ಲೇ ವಿಗನ್‌ಗೆ 0-1ರಿಂದ ಸೋತು, 1995ರ ಚಾಂಪಿಯನ್ನರು ಅಲ್ಲಿನ ಮೊದಲ ಹಂತವಾದ ಪ್ರೀಮಿಯರ್ ಲೀಗಿನಿಂದ ಕೆಳಗಿನ ಹಂತಕ್ಕೆ ಇಳಿದರು. 2017ರಲ್ಲಿ ಮೂರನೇ ಹಂತಕ್ಕೆ. ಇದೆಲ್ಲ ನಿಮ್ಮ ಲೇಖನದಲ್ಲೇ ಇದೆ, ಚೆಲ್ಲಾಪಿಲ್ಲಿಯಾಗಿ. ‘ದುರಾಸೆ’ ಅಂದುಬಿಟ್ಟ ಮೇಲೆ ಕೊಂಡಿ ಹಾಕುವ ಕೆಲಸವನ್ನು ನೀವು ಕೈಬಿಟ್ಟಿರಿ.

ನಾನು ಈ ಕಸುಬು ಕಲಿತದ್ದು ಕಬ್ಬಿನ ಬಾಕಿಯ ಸುದ್ದಿಗಳಲ್ಲಿ. ‘ಕಾರ್ಖಾನೆಯವರ ಲೂಟಿ’ ಎಂದು ಬರೆದು ತಂದ ಹುಡುಗರನ್ನು ನಮ್ಮ ಸುದ್ದಿ ಸಂಪಾದಕರು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. “ಕಬ್ಬು ಯಾವತ್ತ ಕಳಿಸ್ಯಾನ? 14 ದಿನದಾಗ ಬಿಲ್ಲ ಬರಬೇಕಲ್ಲ, ಯಾಕ ಬರಲಿಲ್ಲ? ತಡದಾವ್ರು ಯಾರು?” ಉತ್ತರ ಇಲ್ಲವೆಂದರೆ ಮತ್ತೆ ಊರಿಗೆ. ಮೂಡಲಗಿ ಕಡೆಯ ರೈತರೊಬ್ಬರು ಗೊಬ್ಬರದ ಚೀಲದೊಳಗಿಂದ ತೂಕದ ಚೀಟಿ ತೆಗೆದು, ಮಡಿಕೆ ಬಿಡಿಸಿ, ತಾರೀಖಿನ ಪ್ರಕಾರ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಕಲ್ಲು. ಆ ತಾರೀಖುಗಳು ಅಚ್ಚಾದ ಮೇಲೆ ಕಾರ್ಖಾನೆಯವರು ಬಾಯಿ ಬಿಡಲೇಬೇಕಾಯಿತು. ‘ಲೂಟಿ’ ಎಂಬ ಪದಕ್ಕೆ ಅವರು ಯಾವತ್ತೂ ಹೆದರಿದವರಲ್ಲ.

ಎರಡು: ‘ಅಭಿಮಾನಿಗಳೇ ಮಾಲೀಕರಾಗಿದ್ದರೆ ಯಾವ ದೊಡ್ಡ ತಂಡವೂ ಬೀಳುತ್ತಿರಲಿಲ್ಲ.’ ಇದು ಅಪ್ಪಟ ಸುಳ್ಳು, ಓದಿ ಸಿಟ್ಟು ಬಂತು. ಅರ್ಜೆಂಟೀನಾದ ರಿವರ್ ಪ್ಲೇಟ್ ಸದಸ್ಯರದೇ ಕ್ಲಬ್, ಅಧ್ಯಕ್ಷರನ್ನು ಆರಿಸುವವರೂ ಅವರೇ. 2011ರ ಜೂನ್ 26ರಂದು ಬೆಲ್‌ಗ್ರಾನೊ ಎದುರು ತನ್ನದೇ ಅಂಗಳದಲ್ಲಿ 1-1 ಡ್ರಾ ಮಾಡಿಕೊಂಡು ಇತಿಹಾಸದಲ್ಲಿ ಮೊದಲ ಬಾರಿಗೆ ಕೆಳಗಿಳಿಯಿತು. ಎರಡು ಪಂದ್ಯಗಳ ಆ ಮುಖಾಮುಖಿಯ ಮೊದಲನೆಯದರಲ್ಲೇ 0-2 ಸೋತಿತ್ತು. ಜರ್ಮನಿಯಲ್ಲಿ ಮತದ ಬಹುಪಾಲು ಸದಸ್ಯರ ಕೈಯಲ್ಲಿರಬೇಕೆಂಬ 50+1 ನಿಯಮವಿದೆ. ಆದರೂ 1963ರಿಂದ ಅಲ್ಲಿನ ಮೊದಲ ಹಂತವಾದ ಬುಂಡೆಸ್‌ಲೀಗಾ ಬಿಡದಿದ್ದ ಹ್ಯಾಂಬರ್ಗ್ 2018ರಲ್ಲಿ ಇಳಿಯಿತು. ಮತ ಇದ್ದರೆ ತಪ್ಪು ಮಾಡಿದವರನ್ನು ಕೆಳಗಿಳಿಸಬಹುದು, ಅಷ್ಟೇ. ಬ್ಲ್ಯಾಕ್‌ಬರ್ನ್‌ನವರಿಗೆ ಅದೂ ಇರಲಿಲ್ಲ. ಅದಕ್ಕೇ ವಿಗನ್ ಪಂದ್ಯದ ದಿನ ಕ್ಲಬ್ಬಿನ ಬಾವುಟ ಸುತ್ತಿದ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಆ ಕೋಳಿಗೆ ನೀವು ಕೊಟ್ಟದ್ದು ಕೊನೆಯ ಪ್ಯಾರಾದಲ್ಲಿ ಅರ್ಧ ಸಾಲು, ಅದೂ ತಮಾಷೆಗೆ. ‘ಊರಿಗೆ ಊರೇ ಕಣ್ಣೀರಲ್ಲಿ ಮುಳುಗಿತು’ ಎಂಬುದನ್ನು ಹೊಡೆದುಹಾಕಿ ಆ ಜಾಗಕ್ಕೆ ಕೋಳಿಯನ್ನು ತನ್ನಿ.

ಇನ್ನೊಂದು. 1995ರ ಪ್ರಶಸ್ತಿಗೆ ಹಣ ಸುರಿದ ಜಾಕ್ ವಾಕರ್ ಅದೇ ಊರಿನ ಉಕ್ಕಿನ ವ್ಯಾಪಾರಿ. ಅವರು ಬದುಕಿದ್ದಾಗಲೇ, 1999ರಲ್ಲಿ, ತಂಡ ಒಮ್ಮೆ ಕೆಳಗಿಳಿದಿತ್ತು. ನಿಮ್ಮ ಲೇಖನದಲ್ಲಿ ಅವರ ಹೆಸರೇ ಇಲ್ಲ. ಅವರ ಮೇಲೆ ಒಂದು ಪ್ಯಾರಾ ಬರೆದು, ಮೇಲಿನ ಎರಡನ್ನೂ ತಿದ್ದಿ ಕಳಿಸಿ.